ಸಣ್ಣ ಕೋಣೆಯ ಒಂದು ಗಂಟೆ

ಈ ಊರಿನ ಅರ್ಧ ಜನ ನಗುವುದು ತನ್ನ ಕೈಯಿಂದ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಅದರಲ್ಲಿ ಜಂಬವೂ ಇತ್ತು, ಸ್ವಲ್ಪ ನಿಜವೂ ಇತ್ತು. ಇಪ್ಪತ್ತಾರು ವರ್ಷ ಅವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ, ಕಿಟಕಿಯ ಪಕ್ಕದ ಎರಡನೆಯ ಮೇಜಿನಲ್ಲಿ ಕೂತು ಕೆಲಸ ಮಾಡಿದಳು. ಅಲ್ಲಿ ಅವಳ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಮಾಲೀಕರಿಂದ ಹಿಡಿದು ಅಚ್ಚು ತಂದುಕೊಡುವ ಸ್ಕೂಟರಿನವನವರೆಗೆ ಎಲ್ಲರಿಗೂ ಅವಳು ಹಲ್ಲಕ್ಕ. ಅವಳು ಹೋಗಿ ಮೂರು ತಿಂಗಳಾಯಿತು. ಲ್ಯಾಬಿಗೆ ಹೊಸಬಳೊಬ್ಬಳು ಬಂದಿದ್ದಾಳೆ. ಒಳ್ಳೆಯ ಬೆಳಕು ಬೀಳುವ ಎರಡನೆಯ ಮೇಜು ಖಾಲಿಯಿದ್ದರೂ, ಯಾರೂ ಹೇಳದೆಯೇ, ಅವಳು ಗೋಡೆಯ ಕಡೆಯ ನಾಲ್ಕನೆಯ ಮೇಜಿಗೆ ಹೋಗಿ ಕೂತಳು.

ಹಲ್ಲಕ್ಕನ ಕೆಲಸ ಹೀಗೆ. ಡಾಕ್ಟರರ ಕಡೆಯಿಂದ ಬಾಯಿಯ ಪ್ಲಾಸ್ಟರ್ ಅಚ್ಚು ಬರುತ್ತದೆ. ಅದರ ಮೇಲೆ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ನಿಲ್ಲಿಸಬೇಕು. ಆಮೇಲೆ ಅದನ್ನು ದವಡೆಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಚೌಕಟ್ಟಿನಲ್ಲಿ ಕೂರಿಸಿ, ನಡುವೆ ತೆಳ್ಳನೆಯ ನೀಲಿ ಕಾಗದ ಇಟ್ಟು ಕಚ್ಚಿಸಿ ನೋಡಬೇಕು. ಎಲ್ಲಿ ನೀಲಿ ಹೆಚ್ಚು ಹತ್ತುತ್ತದೋ ಅಲ್ಲಿ ಹಲ್ಲು ಎತ್ತರ. ಅರದಿಂದ ಒಂದು ಚೂರು ಉಜ್ಜಿ ಮತ್ತೆ ಕಚ್ಚಿಸಬೇಕು. ಬೇರೆಯವರು ಐದಾರು ಸಲ ನೋಡಿ ಡಬ್ಬಿಗೆ ಹಾಕಿದರೆ ಅವಳು ಇಪ್ಪತ್ತು ಸಲ ನೋಡುತ್ತಿದ್ದಳು. ‘ಡಾಕ್ಟರ ಮುಂದೆ ಹೋಗಿ ಮರ್ಯಾದೆ ಕಳೆದುಕೊಳ್ಳೋ ಮೊದಲು ನನ್ನ ಮುಂದೆ ಕಳೆದುಕೊಳ್ಳಲಿ’ ಎನ್ನುತ್ತಿದ್ದಳು, ಸೆಟ್ಟನ್ನು ಮಗುವಿನ ಹಾಗೆ ಅಂಗೈಯಲ್ಲಿ ತಿರುಗಿಸುತ್ತಾ. ಅವಳು ಮಾಡಿದ್ದು ಮೊದಲ ಸಲಕ್ಕೇ ಸರಿಯಾಗಿ ಕೂರುತ್ತಿತ್ತು. ಅದಕ್ಕೇ ಡಾಕ್ಟರುಗಳು ಚೀಟಿಯ ಮೇಲೆ ‘ಎರಡನೆಯ ಮೇಜು’ ಎಂದು ಬರೆದು ಕಳಿಸುತ್ತಿದ್ದರು. ಕೆಲಸ ಚೆನ್ನಾಗಿ ಮಾಡಿ ತೋರಿಸಿದರೆ ಇನ್ನಷ್ಟು ಕೊಡುತ್ತಾರೆ. ಅವಳಿಗೆ ಗೊತ್ತಿದ್ದ ಲೋಕ ನಡೆಯುತ್ತಿದ್ದದ್ದು ಹಾಗೆ.

ಅವಳಿಗೆ ಒಬ್ಬಳೇ ಮಗಳು. ಗಂಡ ಸಿಟಿ ಬಸ್ಸಿನ ಡ್ರೈವರ್. ಮಗಳನ್ನು ಇಬ್ಬರೂ ಗುಬ್ಬಿ ಎಂದು ಕರೆಯುತ್ತಿದ್ದರು, ಏಕೆಂದರೆ ಎದ್ದಾಗಿನಿಂದ ಮಲಗುವ ತನಕ ಅದರ ಬಾಯಿ ನಿಲ್ಲುತ್ತಿರಲಿಲ್ಲ. ಒಂದು ಸಲ ಕೇಳಿದ ಹಾಡನ್ನು ಅಕ್ಷರ ಬಿಡದೆ ಒಪ್ಪಿಸುತ್ತಿತ್ತು. ಬಸ್ಸಿನಲ್ಲಿ ಅಪ್ಪನ ಹಿಂದಿನ ಸೀಟಿನಲ್ಲಿ ಕೂತು ಕಂಡಕ್ಟರನ ಗದರಿಕೆಯನ್ನು ಹಾಗೆಹಾಗೆಯೇ ನಕಲು ಮಾಡಿ ಪ್ರಯಾಣಿಕರನ್ನೆಲ್ಲ ನಗಿಸುತ್ತಿತ್ತು. ಆದರೆ ಪುಟದ ಮೇಲಿನ ಅಕ್ಷರ ಮಾತ್ರ ಅವಳ ಕಣ್ಣಿಗೆ ನಿಲ್ಲಲೊಲ್ಲದು. ನಿನ್ನೆ ಗುರುತು ಹಿಡಿದದ್ದು ಇವತ್ತು ಅಪರಿಚಿತ. ಎಂಟು ತುಂಬಿದಾಗ ಶಾಲೆಯವರೇ ಒಂದು ಕಾಗದ ಮಾಡಿಕೊಟ್ಟರು. ದಿನಕ್ಕೆ ಒಂದು ಗಂಟೆ ಈ ಮಗುವಿಗೆ ವಿಶೇಷ ಪಾಠ, ಒಬ್ಬ ಟೀಚರ್, ಸಣ್ಣ ಕೋಣೆಯಲ್ಲಿ.

ಸಣ್ಣ ಕೋಣೆ ಎಂದರೆ ಮೊದಲು ಆಟದ ಸಾಮಾನು ಇಡುತ್ತಿದ್ದ ಜಾಗ. ಒಂದು ಮೇಜು, ಎರಡು ಕುರ್ಚಿ, ಕೈಗೆಟುಕದ ಎತ್ತರದಲ್ಲಿ ಒಂದು ಕಿಟಕಿ. ಎಷ್ಟು ತೊಳೆದರೂ ಹೋಗದ ರಬ್ಬರ್ ಚಾಪೆಯ ವಾಸನೆ. ಅಲ್ಲಿ ಕಲಿಸುತ್ತಿದ್ದ ಟೀಚರಿಗೆ ಇನ್ನೂ ಮೂವತ್ತಾಗಿರಲಿಲ್ಲ. ತಟ್ಟೆಯಲ್ಲಿ ಮರಳು ಹಾಕಿ ಅಕ್ಷರ ಬರೆಸುತ್ತಿದ್ದಳು, ಬೆನ್ನ ಮೇಲೆ ಬೆರಳಿಂದ ಬರೆದು ಯಾವುದು ಹೇಳು ಎನ್ನುತ್ತಿದ್ದಳು. ವರ್ಷ ಮುಗಿಯುವ ಹೊತ್ತಿಗೆ ಗುಬ್ಬಿಗೆ ಅಕ್ಷರಗಳೆಲ್ಲ ಗುರುತು ಸಿಕ್ಕಿ, ಎರಡಕ್ಷರದ ಮಾತುಗಳನ್ನು ಕೂಡಿಸಿಕೊಂಡು ಹೇಳುವಂತಾಗಿತ್ತು. ಅಷ್ಟೇ. ಆದರೆ ಅಷ್ಟನ್ನೂ ಅದುವರೆಗೆ ಯಾರೂ ಅವಳಿಂದ ತೆಗೆಸಿರಲಿಲ್ಲ.

ಆಗ ಬಂತು ವರ್ಷದ ಪರಿಶೀಲನೆ. ಹೊರಗಿನಿಂದ ಒಬ್ಬ ಪರೀಕ್ಷಕಿ ಬಂದು ಮಗುವನ್ನು ಓದಿಸಿ ನೋಡುತ್ತಾರೆ, ವಿಶೇಷ ಪಾಠದ ವಿಷಯ ಆಮೇಲೆ ತೀರ್ಮಾನವಾಗುತ್ತದೆ ಎಂದು ಚೀಟಿ ಬಂತು. ಹಲ್ಲಕ್ಕ ಆ ಚೀಟಿಯನ್ನು ಮೂರು ಸಲ ಓದಿ, ಬೀರುವಿನಿಂದ ಮಗಳ ಫೈಲು ತೆಗೆದಳು. ತಂದೆತಾಯಿಗೆ ಫೈಲಿನ ನಕಲು ಕೊಡುವುದು ಶಾಲೆಯ ಪದ್ಧತಿ. ಹಿಂದಿನ ವರ್ಷ ಗುಮಾಸ್ತ ನಕಲು ಮಾಡುವಾಗ ಕಣ್ತಪ್ಪಿ ಪರೀಕ್ಷೆಯ ಓದುವ ಪುಟವನ್ನೂ ಸೇರಿಸಿಬಿಟ್ಟಿದ್ದ. ಬೆಕ್ಕೊಂದರ ಕಥೆ, ಹನ್ನೆರಡು ವಾಕ್ಯ. ಹಿಂದಿನ ಸಲ ಗುಬ್ಬಿ ಅದರಲ್ಲಿ ಒಂದು ವಾಕ್ಯವನ್ನೂ ದಾಟಿರಲಿಲ್ಲ.

ಪರೀಕ್ಷೆ ಎಂದ ಮೇಲೆ ತಯಾರಿ ಬೇಡವೇ? ಹಲ್ಲಕ್ಕನಿಗೆ ಅದರಲ್ಲಿ ಮುಚ್ಚುಮರೆ ಏನೂ ಕಾಣಲಿಲ್ಲ. ಆರು ವಾರ, ದಿನವೂ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಆ ಪುಟ ಇಟ್ಟು, ಮಗಳ ತೋರುಬೆರಳನ್ನು ತಾನೇ ಹಿಡಿದು ಒಂದೊಂದು ಪದದ ಕೆಳಗೆ ಓಡಿಸಿದಳು. ಎಲ್ಲಿ ತಡವರಿಸುತ್ತದೋ ಅಲ್ಲಿಂದ ಮತ್ತೆ ಶುರು. ‘ಬೆಕ್ಕು ಗೋಡೆ ಹತ್ತಿತು. ಗೋಡೆಯ ಮೇಲೆ ಬಿಸಿಲಿತ್ತು.’ ಇಪ್ಪತ್ತು ಸಲ, ಮೂವತ್ತು ಸಲ. ಐದನೆಯ ವಾರಕ್ಕೆ ಗುಬ್ಬಿ ಬೆರಳನ್ನು ತಾನೇ ಓಡಿಸುತ್ತಾ, ಪೂರ್ಣವಿರಾಮ ಬಂದಲ್ಲಿ ಉಸಿರು ತೆಗೆದುಕೊಳ್ಳುತ್ತಾ, ಕೊನೆಯ ತನಕ ಓದಿದಳು.

‘ಅಮ್ಮಾ, ನಾನು ಓದಿದೆ!’

‘ಓದಿದೆ ಕಣೇ’ ಎಂದಳು ತಾಯಿ. ಅವಳ ಕಣ್ಣು ತುಂಬಿತ್ತು. ಆ ಕ್ಷಣ ಅವಳಿಗೂ ಅದು ಓದೇ.

ಪರೀಕ್ಷಕಿ ಆ ವರ್ಷ ಹೊಸಬರು, ಗುಬ್ಬಿಯನ್ನು ಮೊದಲು ಕಂಡವರಲ್ಲ. ಮಗುವಿಗೆ ಕಲಿಸುವ ಟೀಚರ್ ಪರೀಕ್ಷೆಯ ವೇಳೆ ಅಲ್ಲಿರಬಾರದೆಂಬ ನಿಯಮವಿತ್ತು. ಪುಟ ಅದೇ. ಗುಬ್ಬಿ ಗಿಳಿಯ ಹಾಗೆ ಓದಿದಳು. ಆ ವಾರ ಪ್ರಾರ್ಥನೆಯ ಹೊತ್ತಿನಲ್ಲಿ ಅವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಇಡೀ ಶಾಲೆಯಿಂದ ಚಪ್ಪಾಳೆ ಹೊಡೆಸಿದರು. ಅಪ್ಪ ಡಿಪೋದಲ್ಲಿ ಕಂಡಕಂಡವರಿಗೆಲ್ಲ ಹೇಳಿದ. ಹತ್ತು ದಿನಕ್ಕೆ ಶಾಲೆಯಿಂದ ಕಾಗದ ಬಂತು: ವಿದ್ಯಾರ್ಥಿನಿ ಸರಾಗವಾಗಿ ಓದುತ್ತಿರುವುದರಿಂದ ವಿಶೇಷ ಪಾಠದ ಅಗತ್ಯವಿಲ್ಲ, ನಿಲ್ಲಿಸಲಾಗಿದೆ.

ಹಲ್ಲಕ್ಕ ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಶಾಲೆಗೆ ಓಡಿದಳು.

ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಕೆಟ್ಟವರಲ್ಲ. ಮಕ್ಕಳ ಹೆಸರು ನೆನಪಿಟ್ಟುಕೊಳ್ಳುವವರು, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಒಂದೇ ಹೊತ್ತಿಗೆ ಮೂರು ಕೆಲಸ ನೋಡುವವರು.

‘ಬನ್ನಿ ಅಮ್ಮಾ, ಕೂತ್ಕೊಳ್ಳಿ. ಈ ವರ್ಷ ನಮ್ಮ ಶಾಲೆಗೆ ಸಿಕ್ಕಿರೋ ಒಳ್ಳೆ ಸುದ್ದಿ ಅಂದ್ರೆ ನಿಮ್ಮ ಮಗಳೇ.’

‘ಮೇಡಂ, ಆ ಒಂದು ಗಂಟೆ ನಿಲ್ಲಿಸಿಬಿಟ್ಟಿದ್ದೀರಂತೆ.’

‘ಇನ್ಯಾಕಮ್ಮಾ ಅದು? ಹುಡುಗಿ ನೀರು ಕುಡಿದ ಹಾಗೆ ಓದ್ತಾಳೆ. ಜ್ವರ ಬಿಟ್ಟ ಮೇಲೂ ಔಷಧಿ ಕುಡಿಸ್ತೀರಾ?’

‘ಆ ಗಂಟೆಯಿಂದಾನೇ ಇಷ್ಟು ಬಂದಿದ್ದು ಮೇಡಂ. ಅದನ್ನೇ ತೆಗೆದ್ರೆ...’

ದೊಡ್ಡ ಮೇಡಂ ಕನ್ನಡಕ ತೆಗೆದರು. ‘ನೋಡಿ, ನಾನು ಮುಚ್ಚಿಡಲ್ಲ. ನನ್ನ ಹತ್ರ ಇರೋದು ಒಬ್ಬ ಟೀಚರ್. ಸಾಲಲ್ಲಿ ಕಾಯ್ತಾ ಇರೋ ಮಕ್ಕಳು ಹನ್ನೊಂದು. ಒಬ್ಬರನ್ನ ಹತ್ತಿಸ್ಬೇಕು ಅಂದ್ರೆ ಒಬ್ಬರನ್ನ ಇಳಿಸ್ಬೇಕು. ಓದೋಕೆ ಬರೋ ಮಗೂನ ಕೂರಿಸ್ಕೊಂಡು ಬರದೆ ಇರೋ ಮಗೂನ ಹೊರಗೆ ನಿಲ್ಲಿಸ್ಲಾ? ನೀವೇ ಹೇಳಿ.’

ಹಲ್ಲಕ್ಕ ಎದ್ದು, ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕೈ ಮುಗಿದು ಹೊರಬಂದಳು.

ಹೊರಗೆ ಮಕ್ಕಳ ಚಪ್ಪಲಿ ಗೂಡಿನ ಹತ್ತಿರ ಸಣ್ಣ ಕೋಣೆಯ ಟೀಚರ್ ಕಾದು ನಿಂತಿದ್ದಳು.

‘ಅಕ್ಕಾ, ನಿಜ ಹೇಳಿ. ಆ ಪುಟ ಅವಳಿಗೆ ಮೊದಲೇ ಗೊತ್ತಿತ್ತಾ?’

‘ಫೈಲಲ್ಲಿತ್ತು. ನಾನೇ ಕೂರಿಸ್ಕೊಂಡು...’ ಹಲ್ಲಕ್ಕ ಚಪ್ಪಲಿಗಳನ್ನೇ ನೋಡಿದಳು. ‘ಚೆನ್ನಾಗಿ ಓದಿದ್ರೆ ಇನ್ನೂ ಒಂದು ಗಂಟೆ ಜಾಸ್ತಿ ಕೊಡ್ತಾರೇನೋ ಅಂದ್ಕೊಂಡೆ.’

ಟೀಚರ್ ಹಣೆಗೆ ಕೈ ಹಚ್ಚಿಕೊಂಡಳು. ‘ಅಯ್ಯೋ ಅಕ್ಕಾ! ಅವರು ನೋಡೋಕೆ ಬಂದಿದ್ದು ಮಗೂಗೆ ಎಷ್ಟು ಬರಲ್ಲ ಅಂತ. ಎಷ್ಟು ಬರುತ್ತೆ ಅಂತ ಅಲ್ಲ.’

‘ನೀವೇ ಹೇಳಿ ಅವರಿಗೆ.’

‘ನಾನು ಹೇಳಿದ್ರೆ ನಾನೇ ಪುಟ ಕೊಟ್ಟೆ ಅಂತಾರೆ. ನನ್ನನ್ನ ಈಗಾಗ್ಲೇ ಅರ್ಧ ದಿನ ಮೂರನೇ ಕ್ಲಾಸಿಗೆ ಹಾಕಿದಾರೆ. ಹೇಳೋದಾದ್ರೆ ನೀವು ಹೇಳ್ಬೇಕು.’

ಇದನ್ನೆಲ್ಲ ಹಲ್ಲಕ್ಕ ಹೇಳಿಕೊಂಡದ್ದು ಬಿಡಿಬಿಡಿಯಾಗಿ, ತಿಂಗಳುಗಟ್ಟಲೆ, ಕೈಯಲ್ಲಿ ಅರ ಹಿಡಿದುಕೊಂಡು, ತಲೆಯೆತ್ತದೆ, ಪಕ್ಕದ ಮೂರನೆಯ ಮೇಜಿನವಳ ಹತ್ತಿರ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಊಟದ ಡಬ್ಬಿ ಬೇರೆಬೇರೆಯಾದರೂ ಮುಚ್ಚಳ ಅದಲುಬದಲಾಗಿ ವರ್ಷಗಳಾಗಿದ್ದವು.

‘ಹೇಳ್ಬಿಡೇ, ಮಾರಾಯ್ತಿ’ ಎಂದಳು ಅವಳು. ‘ಎರಡು ಮಾತು ಬೈತಾರೆ. ನಿನಗೇನು ಬೈಗುಳ ಹೊಸದಾ? ಮಾಲೀಕರು ದಿನಾ ಬೈತಾರೆ.’

‘ನನಗೆ ಬೈದ್ರೆ ಬೈಲಿ. ಗುಬ್ಬಿಗೆ ಗೊತ್ತಾಗುತ್ತಲ್ಲ.’

‘ಏನಂತ?’

‘ಅವಳಿಗೆ ಓದೋಕೆ ಬರಲ್ಲ ಅಂತ.’

ಗುಬ್ಬಿ ಆಗ ಹೋದಲ್ಲೆಲ್ಲ ‘ಬೆಕ್ಕಿನ ಪಾಠ ಓದ್ಲಾ?’ ಎಂದು ಕೇಳುತ್ತಿದ್ದಳು. ಲ್ಯಾಬಿಗೆ ಬಂದಾಗ ಮಾಲೀಕರ ಮುಂದೆ ನಿಂತು ಓದಿದ್ದಳು, ಅವರು ಪೆನ್ನು ಕೊಟ್ಟಿದ್ದರು. ಆ ಮಗುವಿನ ಬೆನ್ನು ಅಷ್ಟು ನೆಟ್ಟಗೆ ನಿಂತದ್ದನ್ನು ಅದಕ್ಕೂ ಮೊದಲು ಯಾರೂ ಕಂಡಿರಲಿಲ್ಲ.

ಹಲ್ಲಕ್ಕ ಬೇರೆ ದಾರಿ ಹುಡುಕಿದಳು. ಅರ್ಜಿ ಬರೆದಳು. ನಿಜವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಳು: ಮಗುವಿಗೆ ಸುಸ್ತಾಗುತ್ತದೆ, ದೊಡ್ಡ ತರಗತಿಯ ಗದ್ದಲ ಆಗುವುದಿಲ್ಲ, ಸಣ್ಣ ಕೋಣೆಯ ಅಭ್ಯಾಸವಾಗಿದೆ. ಪ್ರತಿ ಅರ್ಜಿಗೂ ಪರೀಕ್ಷಕಿಯ ವರದಿಯ ಅದೇ ನಕಲು ಲಗತ್ತಾಗಿ ಉತ್ತರ ಬಂತು. ‘ಸರಾಗವಾಗಿ’ ಎಂಬ ಪದದ ಕೆಳಗೆ ಯಾರೋ ಗೆರೆ ಎಳೆದಿದ್ದರು. ಮೂರನೆಯ ಅರ್ಜಿಗೆ ಶಾಲೆಯ ಕಚೇರಿಯಲ್ಲಿ ಅವಳ ಹೆಸರು ‘ಅರ್ಜಿ ಅಮ್ಮ’ ಎಂದಾಯಿತು. ಗುಮಾಸ್ತ ಅವಳನ್ನು ಗೇಟಿನಲ್ಲಿ ಕಂಡೊಡನೆ ಮುದ್ರೆಯ ಪೆಟ್ಟಿಗೆ ತೆಗೆದಿಡುತ್ತಿದ್ದ.

ಇತ್ತ ತರಗತಿಯಲ್ಲಿ ಗುಬ್ಬಿಯ ಗತಿ ಕೆಟ್ಟಿತು. ಮೊದಲಾದರೆ ಈ ಮಗುವಿಗೆ ಬರುವುದಿಲ್ಲ ಎಂದು ಸುಮ್ಮನಿರುತ್ತಿದ್ದರು. ಈಗ ಬರುತ್ತದೆಂದು ಇಡೀ ಶಾಲೆಗೆ ಗೊತ್ತು. ಹಾಗಾಗಿ ಓದದಿದ್ದರೆ ಅದು ಹಟ, ಸೋಮಾರಿತನ, ಕೊಬ್ಬು. ದಿನಚರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಸಾಲು ಸಾಲು ಬರಹ: ‘ಓದಲು ಬರುತ್ತದೆ. ಬೇಕೆಂದೇ ಓದುವುದಿಲ್ಲ. ಪೋಷಕರು ಗಮನಿಸಿ.’ ಗುಬ್ಬಿಗೆ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಭಾನುವಾರ ಬರುತ್ತಿರಲಿಲ್ಲ.

ಗಂಡನಿಗೆ ಹೇಳಿದರೆ ಅವನು ಕೈಯಾಡಿಸಿದ. ‘ಏನೇ ನಿನ್ನ ಗೋಳು? ಅವಳು ಓದ್ತಾಳೆ. ಮೊನ್ನೆ ನನ್ನ ಬಸ್ಸಿನ ಬೋರ್ಡು ಓದಿದ್ಲು.’

‘ಅದು ನೀವು ದಿನಾ ಓಡಿಸೋ ಬಸ್ಸು ರೀ. ಬಣ್ಣ ನೋಡಿ ಹೇಳ್ತಾಳೆ. ಪಕ್ಕದ ಬಸ್ಸಿನ ಬೋರ್ಡು ಕೇಳಿ ನೋಡಿ.’

ಅವನು ಕೇಳಿ ನೋಡಲಿಲ್ಲ. ಅವನಿಗೂ ಗೊತ್ತಿತ್ತು. ‘ಈಗ ಬಾಯಿ ಬಿಟ್ರೆ ನಮ್ಮನ್ನ ಕಳ್ಳರು ಅಂತಾರೆ ಕಣೇ. ಮಗಳನ್ನೂ ಸೇರಿಸಿ’ ಎಂದ. ಅವನ ದನಿಯಲ್ಲಿ ಜಗಳವಿರಲಿಲ್ಲ.

ನಾಲ್ಕನೆಯ ಅರ್ಜಿ ಕೊಡಲು ಹೋದ ದಿನ ಅವಳು ಗುಬ್ಬಿಯನ್ನು ತರಗತಿಯ ಹೊರಗೆ ಕಂಡಳು. ಬಾಗಿಲ ಪಕ್ಕ, ಗೋಡೆಗೆ ಅಂಟಿಕೊಂಡು, ಕೈಯಲ್ಲಿ ಮುಚ್ಚಿದ ಪುಸ್ತಕ. ಒಳಗೆ ಉಳಿದ ಮಕ್ಕಳು ಸಾಲಾಗಿ ಓದುತ್ತಿದ್ದದ್ದು ಕೇಳುತ್ತಿತ್ತು.

‘ಯಾಕೆ ಕಂದಾ?’

‘ಓದು ಅಂದ್ರು. ನಾನು ಓದಲ್ಲ ಅಂದೆ.’

‘ಬರಲ್ಲ ಟೀಚರ್ ಅನ್ಬೇಕಿತ್ತು. ಹೇಳಿಕೊಡ್ತಿದ್ರು.’

‘ಬರುತ್ತಮ್ಮಾ’ ಎಂದಳು ಗುಬ್ಬಿ, ತಾಯಿಯ ಮುಖ ನೋಡದೆ. ‘ಬೆಕ್ಕಿನದು ಬರುತ್ತೆ. ಇದು ಬೇರೆ ಥರ ಇದೆ. ನಾಳೆ ಬರಬಹುದು. ಅದಕ್ಕೇ ಓದಲ್ಲ ಅಂದೆ.’

ಆ ಮಗು ದಡ್ಡಿ ಎನಿಸಿಕೊಳ್ಳುವುದಕ್ಕಿಂತ ತುಂಟಿ ಎನಿಸಿಕೊಳ್ಳುವುದನ್ನು ಆರಿಸಿಕೊಂಡಿತ್ತು. ನಾಳೆ ಬರಬಹುದು ಎಂದು ದಿನಾ ಕಾಯುತ್ತಿತ್ತು. ಹಲ್ಲಕ್ಕ ಕೈಯಲ್ಲಿದ್ದ ಅರ್ಜಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಗುಮಾಸ್ತನ ಕಿಟಕಿ ದಾಟಿ ಹೊರಬಂದು, ಬಸ್ಸು ಹಿಡಿದು ನೇರ ಶಿಕ್ಷಣ ಇಲಾಖೆಯ ಕಚೇರಿಗೆ ಹೋದಳು. ಶಾಲೆಯ ತೀರ್ಮಾನದ ವಿರುದ್ಧ ಅಲ್ಲಿ ದೂರು ಕೊಡಬಹುದಿತ್ತು. ದೂರು ಕೊಟ್ಟರೆ ಅಧಿಕಾರಿ ಶಾಲೆಗೇ ಬಂದು, ಮಗುವನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಕು. ಮಗು ಇರಲೇಬೇಕು. ದೂರಿನ ನಮೂನೆಯಲ್ಲಿ ಅದನ್ನು ಓದಿದ ಮೇಲೂ ಅವಳು ಸಹಿ ಹಾಕಿದಳು. ಮಗುವಿಲ್ಲದಾಗ ಅಧಿಕಾರಿಯೊಬ್ಬರಿಗೇ ಮೆಲ್ಲಗೆ ಹೇಳಿ ಮುಗಿಸಿದರಾಯಿತು ಎಂದುಕೊಂಡಿದ್ದಳು.

ಹಾಗಾಗಲಿಲ್ಲ. ವಿಚಾರಣೆಯ ದಿನ ಎಲ್ಲರನ್ನೂ ಒಟ್ಟಿಗೇ ಒಳಗೆ ಕರೆದರು. ದೊಡ್ಡ ಮೇಡಮ್ಮಿನ ಕೋಣೆ. ಉದ್ದನೆಯ ಮೇಜು, ಅದರ ಮೇಲೆ ಗಾಜಿನ ಹಾಸು ಇಲ್ಲ, ಬರಿಯ ಮರ, ಪಾಲಿಶ್ ಹೋದಲ್ಲಿ ಬಿಳಿಚಿದೆ. ಅಧಿಕಾರಿ ನಿವೃತ್ತಿಯ ಅಂಚಿನವರು. ಮಾತಾಡಿದಾಗಲೆಲ್ಲ ಮೇಲಿನ ಸೆಟ್ಟು ಟಕ್ಕೆನ್ನುತ್ತಿತ್ತು. ಅಂಥ ಹೊತ್ತಿನಲ್ಲೂ ಹಲ್ಲಕ್ಕ ಅದನ್ನು ಗಮನಿಸಿದಳು, ನಮ್ಮ ಲ್ಯಾಬಿನದಲ್ಲ ಎಂದು ಅವಳಿಗೆ ಸಮಾಧಾನವೂ ಆಯಿತು. ಆಮೇಲೆ ಅದನ್ನು ಹೇಳಿ ಮೂರನೆಯ ಮೇಜಿನವಳನ್ನು ನಗಿಸಿದ್ದಳು. ಬೇರೇನನ್ನೂ ಹೇಳುವ ಮೊದಲು ಅದನ್ನೇ ಹೇಳಿದ್ದಳು.

‘ತಾಯಿಯವರು ಏನಂತಾರೆ?’ ಎಂದರು ಅಧಿಕಾರಿ.

‘ಸಾರ್, ಅವಳಿಗೆ ಆ ಗಂಟೆ ಬೇಕು. ಮಗೂನ ಸ್ವಲ್ಪ ಹೊರಗೆ ಕಳಿಸಿದ್ರೆ...’

‘ಮಗು ಮುಂದೇನೇ ಆಗ್ಬೇಕಮ್ಮಾ, ನಿಯಮ. ಮೇಡಂ, ನೀವು?’

‘ನಾನು ಹೇಳೋದೇನಿದೆ ಸಾರ್? ಅವಳೇ ಹೇಳ್ತಾಳೆ’ ಎಂದು ದೊಡ್ಡ ಮೇಡಂ ಫೈಲಿನಿಂದ ಆ ಪುಟವನ್ನೇ ತೆಗೆದು ಗುಬ್ಬಿಯ ಮುಂದಿಟ್ಟರು. ‘ಓದಮ್ಮಾ, ಸಾರ್‌ಗೆ ಕೇಳೋ ಹಾಗೆ.’

ಗುಬ್ಬಿಯ ಮುಖ ಬೆಳಗಿತು. ತಿಂಗಳುಗಳಾದ ಮೇಲೆ ಗುರುತಿನವರು ಸಿಕ್ಕಿದ ಹಾಗೆ. ಕುರ್ಚಿಯ ತುದಿಗೆ ಬಂದು, ಬೆರಳಿಟ್ಟು, ಶುರು ಮಾಡಿದಳು. ‘ಬೆಕ್ಕು ಗೋಡೆ ಹತ್ತಿತು. ಗೋಡೆಯ ಮೇಲೆ ಬಿಸಿಲಿತ್ತು. ಬೆಕ್ಕು ಅಲ್ಲೇ ಮಲಗಿತು.’ ಅಧಿಕಾರಿ ತಲೆದೂಗಿದರು. ಪೆನ್ನಿನ ಮುಚ್ಚಳ ತೆಗೆದರು. ಸಣ್ಣ ಕೋಣೆಯ ಟೀಚರ್ ಮೂಲೆಯಲ್ಲಿ ನೆಲ ನೋಡುತ್ತಾ ಕೂತಿದ್ದಳು. ಪೆನ್ನು ಕಾಗದದ ಹತ್ತಿರ ಬಂತು. ಅದು ಕಾಗದಕ್ಕೆ ತಾಗಿದರೆ ಇನ್ನೊಂದು ವರ್ಷ ಬಾಗಿಲ ಹೊರಗಿನ ಗೋಡೆ.

ಹಲ್ಲಕ್ಕ ಕೈ ಚಾಚಿ, ಮಗಳ ಬೆರಳಿನ ಕೆಳಗಿಂದ ಪುಟವನ್ನು ಎಳೆದುಕೊಂಡಳು.

ಗುಬ್ಬಿ ನಿಲ್ಲಲಿಲ್ಲ. ‘ಒಂದು ಕಾಗೆ ಬಂದಿತು. ಬೆಕ್ಕು ಒಂದು ಕಣ್ಣು ತೆರೆಯಿತು.’ ಬೆರಳು ಬರಿಯ ಮರದ ಮೇಲೆ ಎಡದಿಂದ ಬಲಕ್ಕೆ ಹೋಗಿ, ಸಾಲು ಮುಗಿದ ಕಡೆ ಕೆಳಗಿಳಿದು, ಮತ್ತೆ ಎಡಕ್ಕೆ ಬಂತು. ‘ಕಾಗೆ ಹೆದರಲಿಲ್ಲ.’ ಆಗ ಅವಳಿಗೆ ಕೋಣೆಯ ನಿಶ್ಶಬ್ದ ಕೇಳಿಸಿತು. ಬೆರಳು ನಿಂತಿತು. ಬೆರಳನ್ನು ನೋಡಿದಳು, ಮೇಜನ್ನು ನೋಡಿದಳು.

‘ಅಮ್ಮಾ, ನಾನು ಓದ್ತಾ ಇದ್ದೆ’ ಎಂದಳು.

‘ಇಲ್ಲ ಕಂದಾ. ಅದು ನಾನು ಹೇಳಿಕೊಟ್ಟಿದ್ದು. ನಿನಗೆ ಬಾಯಿಗೆ ಬಂದಿದೆ ಅಷ್ಟೇ.’

ಮುಂದೆ ಎಲ್ಲವನ್ನೂ ಹೇಳಿದಳು. ಫೈಲಿನ ನಕಲು, ಆರು ವಾರ, ಅಡುಗೆಮನೆಯ ಮೇಜು. ಟೀಚರಿಗೆ ಇದರಲ್ಲಿ ಏನೂ ಗೊತ್ತಿರಲಿಲ್ಲ ಎಂದು ಎರಡು ಸಲ ಹೇಳಿದಳು. ದೊಡ್ಡ ಮೇಡಂ ಕೆಂಪಾದರು.

‘ಪರೀಕ್ಷೆಯ ಪುಟ ಮನೆಯಲ್ಲಿ ಬಾಯಿಪಾಠ ಮಾಡಿಸಿ, ಆಮೇಲೆ ನಮ್ಮ ಮೇಲೇ ದೂರು! ಈ ನಾಲ್ಕು ತಿಂಗಳು ನಮ್ಮ ಟೀಚರುಗಳು ಈ ಮಗೂನ ಬೈದಿದ್ದಕ್ಕೆ ಯಾರಮ್ಮ ಜವಾಬು?’

‘ನಾನೇ’ ಎಂದಳು ಹಲ್ಲಕ್ಕ.

ದೊಡ್ಡ ಮೇಡಂ ಕನ್ನಡಕ ತೆಗೆದು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

ಅಧಿಕಾರಿ ಬರೆದದ್ದು ಇಷ್ಟು: ಹಿಂದಿನ ಪರಿಶೀಲನೆ ರದ್ದು. ಮುಂದಿನ ತಿಂಗಳಿನಿಂದ ದಿನಕ್ಕೆ ಒಂದು ಗಂಟೆ ವಿಶೇಷ ಪಾಠ ಮತ್ತೆ ಆರಂಭ. ತಾಯಿಯಾದವರು ಇನ್ನು ಮುಂದೆ ಮಗುವಿಗೆ ಮನೆಯಲ್ಲಿ ಓದಿಸಕೂಡದು, ಓದಿಸಿದಲ್ಲಿ ಮುಂದಿನ ಫಲಿತಾಂಶಗಳನ್ನು ನಂಬಲಾಗದು. ಇದಕ್ಕೆ ಒಪ್ಪಿ ಸಹಿ ಮಾಡತಕ್ಕದ್ದು. ಅವಳು ಮಾಡಿದಳು. ಗುಬ್ಬಿಗೆ ಜಾಗ ಮಾಡಲು ಇನ್ಯಾರದೋ ಮಗು ಇಳಿದು ಆ ಕಾಯುವ ಸಾಲಿಗೆ ಹೋಯಿತೋ ಏನೋ, ಅದನ್ನು ಅವಳು ಕೇಳಲಿಲ್ಲ. ಕೇಳದೆ ಬಂದೆನಲ್ಲ ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಮನೆಗೆ ನಡೆದುಕೊಂಡೇ ಬಂದರು. ಗುಬ್ಬಿ ಮೂರು ಹೆಜ್ಜೆ ಹಿಂದೆ. ಸಿಗ್ನಲ್ಲಿನ ಹತ್ತಿರ ಕೈ ಹಿಡಿಯಲು ಹೋದರೆ ಚೀಲವನ್ನು ಆ ಕೈಗೆ ಬದಲಿಸಿಕೊಂಡಳು.

‘ಅಪ್ಪಂಗೆ ಗೊತ್ತಿತ್ತಾ?’

‘ಹೂಂ.’

‘ಸಣ್ಣ ಕೋಣೆ ಟೀಚರ್‌ಗೆ?’

‘ಆಮೇಲೆ ಗೊತ್ತಾಯ್ತು.’

‘ಲ್ಯಾಬಿನ ಆಂಟಿಗೆ?’

ಹಲ್ಲಕ್ಕ ಸಿಗ್ನಲ್ಲಿನ ದೀಪ ನೋಡಿದಳು.

‘ಎಲ್ಲರಿಗೂ ಗೊತ್ತಿತ್ತು’ ಎಂದಳು ಗುಬ್ಬಿ. ‘ನಾನು ಓದಿದಾಗ ಎಲ್ಲರೂ ಗೊತ್ತಿದ್ದೇ ಚಪ್ಪಾಳೆ ಹೊಡೆದ್ರಾ?’

ಚಪ್ಪಾಳೆ ಹೊಡೆದವರಿಗೆ ಆಗ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಅದರಿಂದ ಏನು ಉಪಕಾರವಾದೀತು ಎಂದು ತೋಚದೆ ಅವಳು ಹೇಳಲಿಲ್ಲ.

ಅವಳ ಸಹಿಯ ಅಗತ್ಯವೇ ಇರಲಿಲ್ಲ. ಆ ದಿನದಿಂದ ಗುಬ್ಬಿ ತಾಯಿಯ ಎದುರು ಪುಸ್ತಕ ತೆರೆಯಲಿಲ್ಲ. ಅಡುಗೆಮನೆಯ ಮೇಜಿನಿಂದ ಓದು ಮಲಗುವ ಕೋಣೆಗೆ ಹೋಯಿತು, ಬಾಗಿಲು ಮುಚ್ಚಿತು. ಸಣ್ಣ ಕೋಣೆಯ ಟೀಚರ್ ಆಗಾಗ ಸಿಕ್ಕಿ ಹೇಳುತ್ತಿದ್ದಳು: ಈಗ ಮೂರಕ್ಷರ ಬಂತು, ಈಗ ಇಡೀ ಸಾಲು. ಹದಿಮೂರಕ್ಕೆ ಪುಸ್ತಕವನ್ನೇ ಮುಗಿಸಿದಳಂತೆ, ನಿಧಾನ, ಆದರೆ ಅವಳದೇ ಓದು. ಹಲ್ಲಕ್ಕ ಆ ಸುದ್ದಿಗಳನ್ನು ಬೇರೆಯವರ ಮನೆಯ ಮಗುವಿನ ಸುದ್ದಿಯ ಹಾಗೆ ಕೇಳಿಸಿಕೊಂಡು ಲ್ಯಾಬಿಗೆ ತಂದು ಹೇಳುತ್ತಿದ್ದಳು. ಮನೆಯಲ್ಲಿ ಮುಚ್ಚಿದ ಬಾಗಿಲ ಮುಂದೆ ಪೊರಕೆ ಹಿಡಿದು ನಿಂತು ಕಿವಿ ಕೊಡುವುದೂ ಇತ್ತು. ಒಳಗಿಂದ ಗೊಣಗು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಹಳೆಯ ಮನೆಯ ಮರದ ಮಹಡಿಯಲ್ಲಿ ಕಾಲಡಿಯ ಹಲಗೆ ಕಿರ್ರೆಂದರೆ ಗೊಣಗು ನಿಲ್ಲುತ್ತಿತ್ತು. ಹಾಗಾಗಿ ಯಾವ ಹಲಗೆ ಕಿರ್ರೆನ್ನುತ್ತದೆ, ಯಾವುದು ಇಲ್ಲ ಎಂದು ಅವಳು ತಿಳಿದುಕೊಂಡಳು.

‘ಸರಿಹೋಗುತ್ತೆ ಬಿಡೇ, ಮಕ್ಕಳು ಮರೀತಾರೆ’ ಎಂದು ಮೂರನೆಯ ಮೇಜಿನವಳು ಹೇಳಿದರೆ, ‘ಅವಳಿಗೆ ಮರೆಯೋಕೆ ಬರಲ್ಲ ಕಣೇ. ಕೇಳಿದ್ದು ಒಂದೇ ಸಲಕ್ಕೆ ಬಾಯಿಗೆ ಬರುತ್ತೆ’ ಎಂದು ನಗುತ್ತಿದ್ದಳು. ತಾಯಿ ಮಗಳು ಇಬ್ಬರೂ ಬೇರೆ ಎಲ್ಲದರಲ್ಲಿ ಮೊದಲಿನ ಹಾಗೇ ಇದ್ದರು. ಜಗಳವಾಡುತ್ತಿದ್ದರು, ಒಬ್ಬರ ತಲೆಗೊಬ್ಬರು ಎಣ್ಣೆ ಹಚ್ಚುತ್ತಿದ್ದರು. ಓದುವ ವಿಷಯ ಬಂದರೆ ಮಾತ್ರ ನಡುವೆ ಒಂದು ಮೇಜು ಬಂದು ನಿಲ್ಲುತ್ತಿತ್ತು.

ಗುಬ್ಬಿಗೆ ಇಪ್ಪತ್ತಾದಾಗ ಹಲ್ಲಕ್ಕನ ಹೊಟ್ಟೆಯೊಳಗೆ ಗಡ್ಡೆ ಸಿಕ್ಕಿತು. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ನರ್ಸ್ ಒಪ್ಪಿಗೆಯ ಕಾಗದ ತಂದಳು, ನಾಲ್ಕು ಪುಟ. ಗಂಡ ಔಷಧಿ ತರಲು ಹೋಗಿದ್ದ. ಮೂರನೆಯ ಮೇಜಿನವಳು ಹಣ್ಣು ಸುಲಿಯುತ್ತಾ ಮಂಚದ ಕಾಲ ಬದಿಗೆ ಕೂತಿದ್ದಳು. ಕನ್ನಡಕವಿಲ್ಲದೆ ಹಲ್ಲಕ್ಕನಿಗೆ ಓದಲಾಗುತ್ತಿರಲಿಲ್ಲ, ಕನ್ನಡಕ ಚೀಲದಲ್ಲಿತ್ತು, ಚೀಲ ಗುಬ್ಬಿಯ ಕಾಲ ಹತ್ತಿರ.

‘ಕೊಡಿ’ ಎಂದು ಗುಬ್ಬಿ ನರ್ಸಿನ ಕೈಯಿಂದ ಕಾಗದ ತೆಗೆದುಕೊಂಡಳು. ತಾಯಿಯ ಪಕ್ಕದಲ್ಲೇ, ಮಂಚದ ಅಂಚಿನಲ್ಲಿ ಕೂತು, ಮೊದಲ ಪದದ ಕೆಳಗೆ ಬೆರಳಿಟ್ಟಳು. ದನಿಯೆತ್ತಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಒಂದು ಪುಟಕ್ಕೆ ಏಳೆಂಟು ನಿಮಿಷ. ನರ್ಸ್ ಗಡಿಯಾರ ನೋಡಿದಳು, ‘ಕೊನೆಯಲ್ಲಿ ಸಹಿ ಹಾಕಿದ್ರೆ ಸಾಕಮ್ಮಾ’ ಎಂದಳು. ಗುಬ್ಬಿ ತಲೆಯೆತ್ತಲಿಲ್ಲ. ಎರಡನೆಯ ಪುಟದಲ್ಲಿ ಒಂದು ಉದ್ದನೆಯ ಪದದ ಮುಂದೆ ಬೆರಳು ನಿಂತಿತು. ಹಿಂದೆ ಬಂದು, ಮತ್ತೆ ಹೋಗಿ, ಅಲ್ಲೇ ನಿಂತಿತು. ಆ ಪದ ಹಲ್ಲಕ್ಕನಿಗೆ ಗೊತ್ತಿತ್ತು, ಬೆಳಿಗ್ಗೆ ಡಾಕ್ಟರ ಬಾಯಲ್ಲಿ ಕೇಳಿದ್ದಳು. ಅವಳ ತುಟಿ ತೆರೆಯಿತು. ಮುಚ್ಚಿತು. ಹೊದಿಕೆಯ ಮೇಲಿದ್ದ ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಬೆರಳು ಆ ಪದವನ್ನು ದಾಟಿತು.

ನಾಲ್ಕನೆಯ ಪುಟದಲ್ಲಿ ಗುಬ್ಬಿ ನರ್ಸನ್ನು ಕರೆದಳು. ‘ಇಲ್ಲಿ ವಯಸ್ಸು ತಪ್ಪಾಗಿದೆ. ಐವತ್ತೊಂದು ಅಂತ ಇದೆ. ಐವತ್ತೆರಡು.’

‘ಇರಲಿ ಬಿಡೇ, ಒಂದು ವರ್ಷ ಉಳಿಸಿಕೊಟ್ಟಿದಾರೆ’ ಎಂದಳು ಹಲ್ಲಕ್ಕ. ನರ್ಸ್ ನಕ್ಕಳು. ಮೂರನೆಯ ಮೇಜಿನವಳೂ ನಕ್ಕಳು.

ಗುಬ್ಬಿ ನಗಲಿಲ್ಲ. ‘ತಿದ್ದಿಕೊಂಡು ಬನ್ನಿ. ಆಮೇಲೆ ಸಹಿ’ ಎಂದು ಕಾಗದವನ್ನು ನರ್ಸಿಗೆ ಕೊಟ್ಟಳು. ಅವಳು ಹೋದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಹಲ್ಲಕ್ಕ ಅವಳ ಬೆನ್ನನ್ನು ನೋಡುತ್ತಾ ಮಲಗಿದ್ದಳು. ಏನಾದರೂ ಹೇಳೇ ಎಂದು ಗೆಳತಿ ಕೈಸನ್ನೆ ಮಾಡಿದರೆ, ಬೇಡ ಎಂದು ತಲೆಯಾಡಿಸಿದಳು. ಚೆನ್ನಾಗಿ ಓದಿದೆ ಎಂದು ಆ ಮಗಳಿಗೆ ಹೇಳಬಾರದವಳು ಲೋಕದಲ್ಲಿ ತಾನೊಬ್ಬಳೇ ಎಂಬುದು ಅವಳಿಗೆ ಗೊತ್ತಿತ್ತು. ಆಪರೇಷನ್ನಾಗಿ ಹತ್ತೊಂಬತ್ತು ದಿನ ಬದುಕಿದ್ದಳು. ಹೇಳಲಿಲ್ಲ.